ಅವ್ವನ ಬೆರಳು ಅಂಟಿದ ಹಾಳೆ

೧೭ ಫೆಬ್ರವರಿ ೧೯೧೪, ಮಂಗಳವಾರ
ಮೊಳಕಾಲ್ಮೂರು

ಬೆಳಿಗ್ಗೆ, ಅವ್ವನಿಗೆ ಓದಿ ಹೇಳುತ್ತಿದ್ದ ಹಳೆಯ ಕಾದಂಬರಿ ತೆರೆದರೆ ನಡುವಿನ ಎರಡು ಹಾಳೆಗಳು ಅಂಟಿಕೊಂಡಿದ್ದವು. ಅಂಚಿನಲ್ಲಿ ಅವ್ವನ ಬೆರಳಿನ ಹುಣಸೆ ಕಲೆ. ಹೋದ ಬೇಸಿಗೆ ರಜೆಯ ಕೊನೆಯ ದಿನ ಅವಳು ಹುಣಸೆ ಬೀಜ ಬಿಡಿಸುತ್ತಾ ಕತೆ ಕೇಳುತ್ತಿದ್ದಳು. ಕತೆಯ ಹುಡುಗಿ ಗಂಡನ ಮನೆಗೆ ಹೊರಟು ಗಾಡಿ ಹತ್ತುವಾಗ ಅವ್ವ ಹಾಳೆಯ ಮೇಲೆ ಬೆರಳೊತ್ತಿದಳು. "ಅಲ್ಲಿಗೆ ನಿಲ್ಸು. ಇವತ್ತೊಂದಿನ ತವರಾಗೇ ಇರ್ಲಿ."

ಮರುದಿನ ನಾನು ಮೈಸೂರಿನ ಕಾಲೇಜಿಗೆ ಹೊರಟೆ. ಪರೀಕ್ಷೆ ಮುಗಿಸಿ ಬರುವಷ್ಟರಲ್ಲಿ ಅವ್ವ ಇರಲಿಲ್ಲ.

ಬಿ.ಎ.ಗೆಂದು ಎಷ್ಟೊಂದು ದೊಡ್ಡ ಪುಸ್ತಕಗಳನ್ನು ಓದಿದೆ. ಮನಸ್ಸಿನಲ್ಲಿ ನಿಂತದ್ದು ಇದೊಂದೇ. ಇದು ಅಂಥ ಮಹಾ ಪುಸ್ತಕವೇನಲ್ಲ, ಆದರೆ ಇದನ್ನು ನಾನು ಒಬ್ಬಳೇ ಓದಲಿಲ್ಲ.

ಸಂಜೆ ಪಕ್ಕದ ಮನೆಯ ಕೊಟ್ರಮ್ಮತ್ತೆ ಬಂದರು. "ನಿಮ್ಮವ್ವಗೆ ಓದ್ತಿದ್ದ ಕತೆ ನಂಗೂ ಓದೇ. ಬಿ.ಎ. ಮಾಡಿದೋಳಿಗೆ ಬಾಯಿಲ್ವೇನು? ಆ ಹುಡ್ಗಿ ಕೊನೀಗೆ ಏನಾದ್ಲು?"

ಕೊನೆಯ ಪುಟಗಳನ್ನು ನಾನು ಆಗಲೇ ಕದ್ದು ನೋಡಿದ್ದೆ. ಆ ಹುಡುಗಿ ಗಂಡನ ಮನೆಯಲ್ಲಿ ಸಾಯುತ್ತಾಳೆ. ಅವ್ವನಿಗೆ ಅದು ಗೊತ್ತಾಗಲೇ ಇಲ್ಲ. ಅಥವಾ ಗೊತ್ತಾಗಿಯೇ ನಿಲ್ಲಿಸಿದಳೋ ಏನೋ.

ನಾಳೆ ಅತ್ತೆಗೆ ಓದುತ್ತೇನೆ, ಗಾಡಿ ಹತ್ತುವವರೆಗೆ. ಅಂಟಿದ ಹಾಳೆಗಳನ್ನು ಬಿಡಿಸುವುದಿಲ್ಲ.