ಟೀ ಪುಡಿ ಮೇಲಿನ ಶೆಲ್ಫಿನಲ್ಲಿದೆ

ಪುಟ್ಟಾ,

ಟೀ ಪುಡಿ ಕಾಣ್ತಿಲ್ಲ ಅಂತ ಮನೆಯೆಲ್ಲ ತಲೆಕೆಳಗೆ ಮಾಡಬೇಡ. ಮೇಲಿನ ಶೆಲ್ಫಿನಲ್ಲಿದೆ. ನಾನೇ ಇಟ್ಟಿದ್ದು. ಸ್ಟೂಲ್ ಹತ್ತಲಿಲ್ಲ, ನಿನ್ನಾಣೆ.

ಅಮ್ಮನಿಗೆ ಕಷ್ಟ ಆಗಬಾರದು ಅಂತ ಡಬ್ಬಗಳನ್ನೆಲ್ಲ ಕೆಳಗಿಳಿಸಿದೆಯಲ್ಲ, ಆಮೇಲೆ ನನಗೆ ಕೈ ಮೇಲೆತ್ತೋ ಕೆಲಸವೇ ಇಲ್ಲದೆ ಭುಜ ಹಿಡ್ಕೊಂಡ್ಬಿಡ್ತು. ಜಡೆ ಹಾಕ್ಕೊಳ್ಳೋಕೂ ನಿನ್ನ ಹೆಂಡತೀನ ಕರೀಬೇಕಾಯ್ತು. ಡಾಕ್ಟರಮ್ಮ "ದಿನಾ ಕೈ ಎತ್ತಿ ಇಳಿಸಿ" ಅಂದ್ರು. ಅದಕ್ಕೇ ದಿನಕ್ಕೊಂದು ಡಬ್ಬ ಮೇಲೆ ಏರಿಸ್ತಾ ಬಂದೆ. ನಿನಗೆ ಗೊತ್ತೇ ಆಗಲಿಲ್ಲ. ಇವತ್ತು ಕೊನೇದು. ಜಡೇನೂ ನಾನೇ ಹಾಕ್ಕೊಂಡಿದ್ದೀನಿ, ಸ್ವಲ್ಪ ಸೊಟ್ಟಗಿದೆ, ಇರಲಿ.

ಜಾರಿ ಬೀಳಬಾರದು ಅಂತ ಬಚ್ಚಲ ಗೋಡೆಗೆ ಹಾಕಿಸಿದ ಹಿಡಿಕೆ ಮಾತ್ರ ತೆಗೀಬೇಡ. ಅದೊಂದು ಒಳ್ಳೇ ಕೆಲಸ ಮಾಡಿದೆ.

ಎದುರುಮನೆಯವಳ ಜೊತೆ ಮಾರ್ಕೆಟ್ಟಿಗೆ ನಡ್ಕೊಂಡು ಹೋಗ್ತಿದ್ದೀನಿ. ಸ್ಕೂಟರ್ ತಗೊಂಡು ಹಿಂದೆ ಬಂದ್ಯೋ, ನೋಡು!

ದಿನವಿಡೀ ವಾಚ್ ರಿಪೇರಿ ಅಂತ ಬಗ್ಗಿ ಬಗ್ಗಿ ನಿನ್ನ ಬೆನ್ನು ಬಿಲ್ಲಾಗಿದೆ. ಟೀ ಬೇಕಾದ್ರೆ ನೀನೂ ಕೈ ಎತ್ತು. ಐವತ್ತು ದಾಟ್ತು ಕಣೋ. ನಿನಗೆ ವಯಸ್ಸಾದಾಗ ನೋಡ್ಕೊಳ್ಳೋಕೆ ನಾನಾದ್ರೂ ಗಟ್ಟಿಯಾಗಿರಬೇಕಲ್ಲ.

ಅಮ್ಮ