ಐದು ಕಿಲೋಮೀಟರ್ ಆಚೆ

ಮಾರ್ಚ್ ೧೨, ಗುರುವಾರ

ಮಂಡಿ ಮಡಚಲು ಆಗುತ್ತಿಲ್ಲ. ಕಾಲು ನೀಡಿಕೊಂಡೇ ಬರೆಯುತ್ತಿದ್ದೇನೆ.

ಭಾನುವಾರ ನಾನು ಕೆಲಸ ಮಾಡುವ ಪ್ರಕಾಶನದವರ ಐದು ಕಿಲೋಮೀಟರ್ ಓಟ. ಮೂರು ತಿಂಗಳು ಟ್ರೆಡ್‌ಮಿಲ್ ಮೇಲೆ ಓಡಿದವಳು, ರಸ್ತೆಯಲ್ಲೂ ಆಗುತ್ತದೋ ನೋಡೋಣವೆಂದು ಬೆಳಿಗ್ಗೆ ಹೊರಟೆ. ಏರು, ಎದುರುಗಾಳಿ, ಅಟ್ಟಿಸಿಕೊಂಡು ಬರುವ ನಾಯಿ, ಇವೊಂದೂ ಜಿಮ್ಮಿನಲ್ಲಿ ಇರಲಿಲ್ಲ. ಆದರೂ ಬಿಡಲಿಲ್ಲ. ಕೈಗಡಿಯಾರ ಐದು ಎಂದು ತೋರಿಸಿದಾಗ ಹೆಮ್ಮೆಯಿಂದ ನಿಂತೆ. ಆಗ ಹೊಳೆಯಿತು. ಟ್ರೆಡ್‌ಮಿಲ್‌ನಿಂದ ಇಳಿದರೆ ಪಕ್ಕದಲ್ಲೇ ನನ್ನ ಚೀಲ ಇರುತ್ತದೆ. ಇಲ್ಲಿ ಮನೆಯೇ ಐದು ಕಿಲೋಮೀಟರ್ ಹಿಂದೆ ಉಳಿದಿದೆ! ಫೋನೂ ಇಲ್ಲ, ಕಾಸೂ ಇಲ್ಲ.

ಕುಂಟುತ್ತಾ ವಾಪಸು ನಡೆದೆ. ಹಿಂದಿನಿಂದ ಬಂದ ಬಸ್ಸು ನಿಧಾನಿಸಿತು.

"ಹತ್ತಮ್ಮಾ, ಟಿಕೆಟ್ ಏನೂ ಬೇಡ," ಎಂದ ಡ್ರೈವರ್.

ಕಿಟಕಿ ತುಂಬ ಮುಖಗಳು. ಇಪ್ಪತ್ತು ಪುಟದ ಪ್ರಬಂಧ ಬರೆದು ಎಂ.ಎ. ಮುಗಿಸಿದ ನನಗೆ 'ಹೂಂ' ಎನ್ನಲು ಬಾಯಿ ಬರಲಿಲ್ಲ.

"ಇಲ್ಲಣ್ಣ, ಪ್ರಾಕ್ಟೀಸು," ಎಂದುಬಿಟ್ಟೆ.

ಹಾಗೆಂದ ಮೇಲೆ ಓಡದೆ ಗತಿಯಿಲ್ಲ. ಬಸ್ಸು ಸ್ಟಾಪಿನಲ್ಲಿ ನಿಂತಾಗ ನಾನು ಅದನ್ನು ದಾಟುತ್ತಿದ್ದೆ, ಹೊರಟಾಗ ಅದು ನನ್ನನ್ನು ದಾಟುತ್ತಿತ್ತು. ಪ್ರತಿ ಸಲವೂ ಬಸ್ಸಿನೊಳಗಿಂದ ಚಪ್ಪಾಳೆ!

"ಐದು ಅಂತ ಹೋದವಳು ಹತ್ತು ಓಡಿ ಬಂದ್ಯೇನೇ, ಪೆದ್ದಿ?" ಮನೆ ಬಾಗಿಲಲ್ಲಿ ಅಕ್ಕ ನೀರಿನ ಚೊಂಬು ಹಿಡಿದುಕೊಂಡೇ ನಕ್ಕಳು.

ಅಂತೂ ರಸ್ತೆಯಲ್ಲೂ ಓಡಬಲ್ಲೆ. ಭಾನುವಾರದ ಓಟ ಹೊರಟ ಜಾಗಕ್ಕೇ ಬಂದು ಮುಗಿಯುತ್ತದೋ ಇಲ್ಲವೋ, ನಾಳೆ ಆಫೀಸಿನಲ್ಲಿ ಮ್ಯಾನೇಜರನ್ನು ಕೇಳಬೇಕು. ಅವರ ಬಾಗಿಲು ತಟ್ಟಿ ಕೇಳುವುದಕ್ಕಿಂತ ಇನ್ನೊಂದು ಹತ್ತು ಕಿಲೋಮೀಟರ್ ಓಡುವುದೇ ಸುಲಭ.