ಸೆರಗು ಹಿಡಿದ ಬೆರಳು

೧೭ ಸೆಪ್ಟೆಂಬರ್ ೨೦೦೨, ಮಂಗಳವಾರ, ಬೈಲಹೊಂಗಲ

ಹುಬ್ಬಳ್ಳಿಯ ಸೀರೆ ಅಂಗಡಿಯವರು ಕ್ಯಾಲೆಂಡರಿಗೆ ಹೊಸ ಮಾಡೆಲ್ ಹುಡುಕುತ್ತಿದ್ದಾರೆ. ನಾಳೆಯೇ ಫೋಟೊ ಮುಟ್ಟಿಸಬೇಕು, ಅದರಲ್ಲಿ ನಾನೊಬ್ಬಳೇ ಇರಬೇಕು. ಇದೂ ತಪ್ಪಿದರೆ ಈ ಅಡುಗೆಮನೆಯಲ್ಲೇ ನನ್ನ ಮುಖ ಮುಗಿದುಹೋಗುತ್ತದೆ.

ಸ್ಟುಡಿಯೋದ ಖಾಲಿದ್ ಎಲ್ಲ ಫೋಟೊ ಹರಡಿ ನೋಡಿದ. "ಅಕ್ಕಾರ, ಇವೆಲ್ಲಾ ಓಟಿನ ಕಾರ್ಡಿನ ಫೋಟೊ ಆದಂಗ ಆಗ್ಯಾವ್ರಿ. ಇದೊಂದರಾಗ ನಿಮ್ಮ ಕಣ್ಣಾಗ ಜೀವ ಐತಿ. ಕೂಸಿನ್ನ ಕತ್ತರಿಸಿ ತಗೀರಿ, ಮುಗೀತು."

ಅದರಲ್ಲಿ ಮಗ ಅಭಯ ನನ್ನ ಕಂಕುಳಲ್ಲಿದ್ದಾನೆ. ಅವನನ್ನು ನೋಡಿಯೇ ನಕ್ಕಿದ್ದೆ.

ಅತ್ತೆ ಕೇಳಿ ಬೆಚ್ಚಿದರು. "ಜೀವಂತ ಇದ್ದವರ ಫೋಟೊಕ್ಕ ಯಾರರ ಕತ್ತರಿ ಹಚ್ಚತಾರೇನ, ವರದಾ? ಮಾಡೆಲ್ ಆಗೋಕಿ, ಮೊದಲ ಕೂಸಿನ್ನ ಮಲಗಸು."

ಮಲಗಿಸಿದೆ. ಆಮೇಲೆ ಕತ್ತರಿ ತೆಗೆದುಕೊಂಡೆ. ನನ್ನ ಭುಜದ ಗುಂಟ ಕತ್ತರಿಸಿಬಿಟ್ಟೆ. ಅವನ ಮುಖವಿದ್ದ ತುಂಡು ದಿಂಬಿನ ಕೆಳಗಿದೆ. ನನ್ನ ತುಂಡಿನಲ್ಲಿ ಅವನ ಬೆರಳುಗಳು ಇನ್ನೂ ಸೆರಗು ಹಿಡಿದುಕೊಂಡೇ ಇವೆ. ಅಲ್ಲಿ ಕತ್ತರಿ ಓಡಲಿಲ್ಲ.

ಆಗಿನಿಂದ ಎದ್ದೆದ್ದು ಹೋಗಿ ತೊಟ್ಟಿಲಲ್ಲಿ ಅವನ ಕೈ ಮುಟ್ಟಿ ನೋಡುತ್ತಿದ್ದೇನೆ. ಬೆಚ್ಚಗಿದೆ. ಬೆಳಗಾದರೆ ಬಸ್ಸು. ಫೋಟೊ ಲಕೋಟೆಗೆ ಹಾಕಬೇಕು, ಆದರೆ ಈ ಬೆರಳುಗಳನ್ನು ನಾನು…